ಎಐ ಬರಲಿ ಸ್ವಾಮಿ, ಲಾಗ್ ಪುಸ್ತಕ ಎಲ್ಲಿ?

ಬರುವ ಗುರುವಾರ ಸಂಜೆ 4 ಗಂಟೆಗೆ ನಮ್ಮೂರ ಸಮುದಾಯ ರೇಡಿಯೊ ಕೇಂದ್ರದ ಆಡಳಿತ ಸಮಿತಿ ಸಭೆ ಸೇರುತ್ತಿದೆ. ಕಾರ್ಯಸೂಚಿಯ ಒಂದು ಪ್ರತಿ ನಮ್ಮ ಕಚೇರಿಗೂ ಬಂದಿದೆ. ಹೇಗೆ ಬಂತು ಅಂತ ಯಾರೂ ಕೇಳಬಾರದು, ನಾವೂ ಹೇಳುವುದಿಲ್ಲ. ಅದರ 5ನೇ ಬಾಬು ಓದುವಾಗ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು. "ಕೇಂದ್ರದ ತಾಂತ್ರಿಕ ಮೇಲ್ವಿಚಾರಣೆಗೆ ಎಐ ವ್ಯವಸ್ಥೆ ಅಳವಡಿಸುವುದು ಹಾಗೂ ತತ್ಪರಿಣಾಮವಾಗಿ ತಂತ್ರಜ್ಞರ ಹುದ್ದೆಯ ಅವಶ್ಯಕತೆಯನ್ನು ಪುನರ್ ಪರಿಶೀಲಿಸುವುದು." ಕಚೇರಿ ಕನ್ನಡದ ಮುಸುಕು ಸರಿಸಿ ಓದಿದರೆ ಅರ್ಥ ಇಷ್ಟೇ: ಕಂಪ್ಯೂಟರ್ ತರೋಣ, ಆ ಹೆಣ್ಣುಮಗಳನ್ನು ಮನೆಗೆ ಕಳಿಸೋಣ.

ಇಡೀ ಕೇಂದ್ರಕ್ಕೆ ಇರುವ ತಂತ್ರಜ್ಞೆ ಆಕೆ ಒಬ್ಬಳೇ. ಇಲ್ಲಿನ ಪಾಲಿಟೆಕ್ನಿಕ್ಕಿನಲ್ಲೇ ಡಿಪ್ಲೊಮಾ ಮಾಡಿದವಳು. ಬರುವ ಸಂಬಳ ಇಲ್ಲಿ ಬರೆದರೆ ಸಮಿತಿಗೇ ನಾಚಿಕೆಯಾದೀತು, ಬಿಡಿ. ಜೊತೆಗೆ ಆಕಾಶವಾಣಿಯಿಂದ ನಿವೃತ್ತರಾದ ಹಿರಿಯ ಇಂಜಿನಿಯರರೊಬ್ಬರು ವಾರಕ್ಕೊಮ್ಮೆ ಪುಕ್ಕಟೆಯಾಗಿ ಬಂದು ನೋಡಿ ಹೋಗುತ್ತಾರೆ. ಒಂದು ಲೋಟ ಚಹಾ ಬಿಟ್ಟರೆ ಅವರಿಗೆ ಇನ್ನೇನೂ ಸಂದಾಯವಿಲ್ಲ.

ಇಷ್ಟು ಓದಿದ ಕೂಡಲೇ, ಈ ಪತ್ರಿಕೆಯವರು ಎಐ ವಿರೋಧಿಗಳು, ಹಳೇ ಕಾಲದವರು ಎಂದು ಮೂಗು ಮುರಿಯುವವರು ಇದ್ದಾರೆ. ನಾವು ವಿರೋಧಿಗಳಲ್ಲ. ಕಳೆದ ವರ್ಷದ ಮಳೆಗಾಲದಲ್ಲಿ ಈ ಎಐ ನಮ್ಮ ರೇಡಿಯೊವನ್ನು ಹಾಳುಗೆಡಹಿದ್ದನ್ನೂ ನೋಡಿದ್ದೇವೆ, ಅದೇ ಎಐ ಅದೇ ರೇಡಿಯೊದ ರೋಗ ಹುಡುಕಿ ಕೊಟ್ಟದ್ದನ್ನೂ ನೋಡಿದ್ದೇವೆ. ಎರಡಕ್ಕೂ ನಡುವೆ ಇದ್ದ ವ್ಯತ್ಯಾಸ ಏನು ಅನ್ನುವುದು ಗೊತ್ತಿಲ್ಲದೆ 5ನೇ ಬಾಬು ಪಾಸಾಗಬಾರದು ಎಂದೇ ಈ ಬರಹ.

2025ರ ಜುಲೈ, ಪುನರ್ವಸು ಮಳೆ. ಹೊಳೆ ಏರಿ ಸೇತುವೆ ಮುಳುಗಿದ್ದು ಓದುಗರಿಗೆ ನೆನಪಿದೆ. ತಂತ್ರಜ್ಞೆ ಅಂದು ರಜೆಯಲ್ಲಿದ್ದಳು. ಅಕ್ಕನ ಮಗುವಿನ ನಾಮಕರಣ. ರಜೆ ಲಿಖಿತವಾಗಿ ಮಂಜೂರಾಗಿತ್ತು. ಸಂಜೆ ಹೊತ್ತಿಗೆ ಗುಡ್ಡದ ಮೇಲಿನ ಟ್ರಾನ್ಸ್‌ಮಿಟರ್ ಕಿರುಚತೊಡಗಿತು. ರಿಫ್ಲೆಕ್ಟೆಡ್ ಪವರ್ ಜಾಸ್ತಿಯಾಗಿದೆ ಎನ್ನುವ ಅಲಾರಂ ಅದು. ಇದೇನು ಅಂತ ನಮ್ಮ ಓದುಗರಿಗೆ ತಿಳಿಯುವ ಹಾಗೆ ಹೇಳುವುದಾದರೆ: ನಾಲೆಗೆ ನೀರು ಬಿಟ್ಟಾಗ ಮುಂದಿನ ತೂಬು ಕಟ್ಟಿಕೊಂಡಿದ್ದರೆ ನೀರು ಹಿಂದಕ್ಕೆ ಒತ್ತಿ ಏರಿಯನ್ನೇ ಕೊರೆಯುತ್ತದಲ್ಲವೇ, ಹಾಗೆಯೇ ಟ್ರಾನ್ಸ್‌ಮಿಟರ್ ಕಳಿಸಿದ ಶಕ್ತಿ ಕೇಬಲ್ ಹಿಡಿದು ಏರಿಯಲ್ ಮೂಲಕ ಆಕಾಶಕ್ಕೆ ಹೋಗಬೇಕು. ದಾರಿಯಲ್ಲಿ ಎಲ್ಲೋ ಕೆಟ್ಟಿದ್ದರೆ ಹೊರಟದ್ದರಲ್ಲಿ ಒಂದು ಪಾಲು ವಾಪಸು ಬರುತ್ತದೆ. ಬಂದು ಯಂತ್ರದ ಕೊನೆಯ ಟ್ರಾನ್ಸಿಸ್ಟರನ್ನು ಸುಡುತ್ತದೆ. ಸುಡಬಾರದು ಎಂದೇ ತಯಾರಕರು ಒಂದು ಮಿತಿ ಇಟ್ಟಿರುತ್ತಾರೆ. ಅದು ದಾಟಿದರೆ ಯಂತ್ರ ಮೊದಲು ಕಿರುಚುತ್ತದೆ, ಆಮೇಲೆ ತನ್ನ ಶಕ್ತಿ ತಗ್ಗಿಸಿಕೊಳ್ಳುತ್ತದೆ, ಅದಕ್ಕೂ ಜಗ್ಗದಿದ್ದರೆ ತಾನಾಗಿಯೇ ನಿಂತುಬಿಡುತ್ತದೆ.

ಆವತ್ತು ಅಲ್ಲಿ ಕುಳಿತಿದ್ದವರು ಸಮಿತಿಯ ಪದಾಧಿಕಾರಿಗಳೊಬ್ಬರ ಸಂಬಂಧಿ, ಕಂಪ್ಯೂಟರ್ ಬಲ್ಲ ಯುವಕ. ಯಂತ್ರ ಮೂರು ಸಲ ನಿಂತಿತು. ಮೂರು ಸಲ ಎಬ್ಬಿಸಿದ. ನಾಲ್ಕನೇ ಸಲ ಮೊಬೈಲಿನಲ್ಲಿ ಎಐ ತೆರೆದು, "ಈ ಅಲಾರಂ ನಿಲ್ಲಿಸುವುದು ಹೇಗೆ?" ಎಂದು ಕೇಳಿದ. ಅದು ಕ್ಷಣದಲ್ಲಿ, ಬಹು ವಿನಯದಿಂದ, ಸೆಟ್ಟಿಂಗಿಗೆ ಹೋಗಿ ಮಿತಿಯನ್ನು ಏರಿಸಿ ಎಂದಿತು. ಸೆಟ್ಟಿಂಗಿಗೆ ಪಾಸ್‌ವರ್ಡ್ ಬೇಕು. ಆ ಪಾಸ್‌ವರ್ಡು ಯಂತ್ರದ ಮುಂಭಾಗದಲ್ಲೇ ಚೀಟಿ ಬರೆದು ಅಂಟಿಸಿತ್ತು! ಮಿತಿ ಏರಿತು, ಅಲಾರಂ ನಿಂತಿತು, ಯುವಕ ಮನೆಗೆ ಫೋನು ಮಾಡಿ ಸರಿಮಾಡಿದೆ ಅಂತಲೂ ಹೇಳಿದ. ಮುಕ್ಕಾಲು ಗಂಟೆ ಹಾಡು ಬಂತು. ನಂತರ ಸುಟ್ಟ ವಾಸನೆ ಬಂತು.

ಬಿಡಿಭಾಗ ಬೆಂಗಳೂರಿಂದ ಬರಬೇಕು, ಸೇತುವೆ ನೀರಲ್ಲಿ. ನಾಲ್ಕು ದಿನ ರೇಡಿಯೊ ಮೌನ. ಅದೇ ನಾಲ್ಕು ದಿನ ಹೊಳೆಯಾಚೆಯ ಹಳ್ಳಿಗಳಲ್ಲಿ ಕರೆಂಟಿರಲಿಲ್ಲ, ಎರಡನೇ ದಿನಕ್ಕೆ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿಯಿತು. ಹಾಲಿನ ಸೊಸೈಟಿಗೆ ಹಾಲು ಹಾಕುವವರು ಕ್ಯಾನು ಹೊತ್ತು ಸೇತುವೆ ತನಕ ನಡೆದು, ವ್ಯಾನು ಬರುವುದಿಲ್ಲ ಅಂತ ಅಲ್ಲಿ ತಿಳಿದು, ಹಾಲು ಹೊಳೆಗೆ ಚೆಲ್ಲಿ ಹಿಂದಿರುಗಿದರು. ಒಂದಲ್ಲ, ಎರಡು ದಿನ. ಸೆಲ್ಲು ಹಾಕಿದ ರೇಡಿಯೊ ಪಕ್ಕದಲ್ಲಿಟ್ಟುಕೊಂಡು ಬರೀ ಸರ್ರ್ ಎನ್ನುವ ಸದ್ದು ಕೇಳಿದವರನ್ನು ನಾವು ಆಮೇಲೆ ಭೇಟಿಯಾದೆವು. ಅವರ ಮುಂದೆ ನಮಗೂ ತಲೆ ಎತ್ತಲಾಗಲಿಲ್ಲ. ಆ ನಾಲ್ಕು ದಿನ ನಮ್ಮ ಪತ್ರಿಕೆಯ ಕಟ್ಟು ಸಹ ಆಚೆ ದಡ ಸೇರಿರಲಿಲ್ಲ.

ಇದಕ್ಕೆ ಸಮಿತಿ ಕೈಗೊಂಡ ಕ್ರಮ ಏನು ಗೊತ್ತೇ? ಮಳೆಗಾಲದಲ್ಲಿ ರಜೆ ಹಾಕಿದ್ದೇಕೆ ಎಂದು ತಂತ್ರಜ್ಞೆಗೆ ನೋಟೀಸು. ಮಿತಿ ಏರಿಸಿದವನಿಗೆ ಒಂದು ಮಾತೂ ಇಲ್ಲ.

ಈಗ ಕತೆಯ ಇನ್ನರ್ಧ. ಬಿಡಿಭಾಗ ಬಂದು ಯಂತ್ರ ಎದ್ದಿತು. ಆದರೆ ಮಳೆ ಬಂದಾಗೆಲ್ಲ ಅದೇ ಕಾಯಿಲೆ. ಹಿರಿಯ ಇಂಜಿನಿಯರರು ಫೋನಿನಲ್ಲೇ, "ಎಲ್ಲೋ ನೀರು ಕುಡಿದಿದೆ ನೋಡಮ್ಮ" ಎಂದಿದ್ದರು. ಸಮಿತಿಗೆ ಅವರ ಮಾತು ರುಚಿಸಲಿಲ್ಲ. ಏರಿಯಲ್ ಇಳಿಸಬೇಕೆಂದರೆ ಖರ್ಚು, ಪುರಾವೆ ಕೊಡಿ ಅಂದರು. ಆ ಹುಡುಗಿ ಪುರಾವೆ ಹುಡುಕಲು ಕುಳಿತಳು. ಅವಳ ಹತ್ತಿರ ಇದ್ದದ್ದು ಒಂದೇ ಆಸ್ತಿ, ಲಾಗ್ ಪುಸ್ತಕ. ಉದ್ದನೆಯ ರಟ್ಟಿನ ಪುಸ್ತಕ, ಗಂಟೆಗೊಂದು ಸಾಲು, ಹೋದ ಶಕ್ತಿ ಎಷ್ಟು, ವಾಪಸು ಬಂದ ಶಕ್ತಿ ಎಷ್ಟು, ಯಂತ್ರದ ಶಾಖ ಎಷ್ಟು, ಲೈನಿನ ವೋಲ್ಟೇಜು ಎಷ್ಟು, ಕೊನೆಗೆ ಷರಾ, ಸಹಿ. ಅವಳು ಇದ್ದ ದಿನಗಳ ಪುಟಗಳೆಲ್ಲ ತುಂಬಿದ್ದವು. ಇಲ್ಲದ ದಿನಗಳು ಬೋಳು.

ಆ ಅಂಕಿಗಳನ್ನು ಎರಡು ರಾತ್ರಿ ಕೂತು ಕಂಪ್ಯೂಟರಿಗೆ ಏರಿಸಿದಳು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಪಂಚಾಯಿತಿ ಮಟ್ಟದಲ್ಲಿ ಕೂರಿಸಿರುವ ಮಳೆಮಾಪಕದ ಲೆಕ್ಕವನ್ನೂ ತಂದು ಪಕ್ಕಕ್ಕಿಟ್ಟಳು. ಆಮೇಲೆ ಅದೇ ಎಐಯನ್ನು ಕೇಳಿದಳು. ಅಲಾರಂ ನಿಲ್ಲಿಸುವುದು ಹೇಗೆ ಅಂತ ಅಲ್ಲ. ವಾಪಸು ಬರುವ ಶಕ್ತಿ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ, ಮಳೆಗೂ ಅದಕ್ಕೂ ಏನು ನಂಟು ಅಂತ. ನಿಮಿಷದೊಳಗೆ ಉತ್ತರ ಬಂತು: ಮಳೆ ಬಿದ್ದ ತಕ್ಷಣ ಏರುವುದಿಲ್ಲ, ಎರಡು ಮೂರು ಗಂಟೆ ಬಿಟ್ಟು ಏರುತ್ತದೆ, ಮಳೆ ನಿಂತರೂ ಇಳಿಯುವುದಿಲ್ಲ, ಮರುದಿನ ಬಿಸಿಲೇರಿದ ಮೇಲೆ ನಿಧಾನಕ್ಕೆ ಇಳಿಯುತ್ತದೆ. ಏರಿಯಲ್ಲಿನ ಮೈ ಮಾತ್ರ ನೆನೆದದ್ದಾದರೆ ಮಳೆ ನಿಂತೊಡನೆ ಸರಿಯಾಗಬೇಕಿತ್ತು. ಹಾಗಾಗದ ಕಾರಣ ನೀರು ಒಳಗೆ ಸೇರಿದೆ, ಕನೆಕ್ಟರುಗಳನ್ನೂ ಕೇಬಲನ್ನೂ ನೋಡಿ.

ಮೂರು ತಿಂಗಳ ಅಂಕಿಯನ್ನು ಕಣ್ಣಿನಿಂದ ಸೋಸಿ ಈ ನಂಟು ಹಿಡಿಯಬೇಕಾದರೆ ಒಬ್ಬ ಮನುಷ್ಯನಿಗೆ ವಾರ ಬೇಕು. ಇದನ್ನು ನಾವು ಮೆಚ್ಚದೆ ಹೋದರೆ ಅದು ಹಟಮಾರಿತನ.

ಆದರೆ ಅದೇ ಉತ್ತರದ ಬಾಲದಲ್ಲಿ ಇನ್ನೊಂದು ಸಾಲಿತ್ತಂತೆ. ನಿಮ್ಮ ಟ್ರಾನ್ಸ್‌ಮಿಟರಿನ ಮೆನುವಿನಲ್ಲಿ ಇಂಥ ಪರೀಕ್ಷೆ ಇದೆ, ಅದನ್ನು ಒತ್ತಿ ಎಂದು ಹೆಸರು ಹಿಡಿದು ಹೇಳಿತ್ತು. ಹುಡುಗಿ ಯಂತ್ರದ ಕೈಪಿಡಿ ತೆಗೆದು ಆದಿಯಿಂದ ಅಂತ್ಯದವರೆಗೆ ನೋಡಿದಳು. ಅಂಥ ಪರೀಕ್ಷೆಯೇ ಇಲ್ಲ. ಹಸಿ ಹಸಿ ಬುರುಡೆ! ಇದೇನು ಮೋಸವೇ? ಮೋಸವಲ್ಲ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಾಗಿನಿಂದ ನಾವು ಎಐ ಎಂದು ಕರೆಯುತ್ತಿರುವ ಈ ಮಾತಿನ ಯಂತ್ರಗಳು, ಓದಿದ ಅಪಾರ ಬರಹದ ಬಲದ ಮೇಲೆ, ಮುಂದೆ ಯಾವ ಪದ ಬಂದರೆ ಹೊಂದುತ್ತದೆ ಎಂದು ಲೆಕ್ಕ ಹಾಕಿ ವಾಕ್ಯ ಪೋಣಿಸುತ್ತವೆ. ಹೊಂದುವ ಮಾತು ನಿಜವೂ ಆಗಿರಬೇಕೆಂದೇನೂ ಇಲ್ಲ. ನಮ್ಮ ರಾಜಕಾರಣಿಗಳ ಭಾಷಣ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಿಸಿಲು ಬಿದ್ದ ಒಂದು ದಿನ, ಟ್ರಾನ್ಸ್‌ಮಿಟರ್ ಆರಿಸಿ, ಮೇನ್ ಸ್ವಿಚ್ಚಿನ ಬೀಗದ ಕೈಯನ್ನು ತಂತ್ರಜ್ಞೆ ತನ್ನ ಕೈಯಲ್ಲೇ ಹಿಡಿದು ಕೆಳಗೆ ನಿಂತಳು. ಟವರ್ ಹತ್ತುವ ಕೆಲಸದವ ಸೊಂಟಕ್ಕೆ ಬೆಲ್ಟು ಬಿಗಿದು ಏರಿದ. ಏರಿಯಲ್ಲಿನ ಬುಡದ ಕನೆಕ್ಟರ್ ಬಿಚ್ಚಿದರೆ ಒಳಗೆ ನೀರು, ಹಸಿರು ಕಿಲುಬು. ಕೇಬಲಿನ ಕೆಟ್ಟ ತುದಿ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ, ನೀರು ಹೋಗದ ಟೇಪು ಸುತ್ತಿ, ಕೇಬಲನ್ನು ಕೆಳಕ್ಕೆ ಜೋಲುವ ಹಾಗೆ ಬಳಸಿ ಕಟ್ಟಿದರು. ಮಳೆನೀರು ಕನೆಕ್ಟರಿನತ್ತ ಹರಿಯದೆ ಆ ಜೋಲಿನಿಂದಲೇ ತೊಟ್ಟಿಕ್ಕಿ ಹೋಗುತ್ತದೆ. ಈ ಕೊನೆಯ ಉಪಾಯ ಹಿರಿಯರದು. ಬಂದ ಮಳೆಗೆಲ್ಲ ಯಂತ್ರ ಆಮೇಲೆ ಜಗ್ಗಲಿಲ್ಲ.

ಒಂದೇ ಎಐ. ಒಮ್ಮೆ ಸುಟ್ಟಿತು, ಒಮ್ಮೆ ಉಳಿಸಿತು. ಮೊದಲ ಸಲ ಕೇಳಿದವನ ಕೈಯಲ್ಲಿ ಬರಹ ಇರಲಿಲ್ಲ, ಕೈಪಿಡಿ ಇರಲಿಲ್ಲ, ಬೊಬ್ಬೆ ನಿಲ್ಲಿಸುವ ಅವಸರ ಮಾತ್ರ ಇತ್ತು. ಎರಡನೇ ಸಲ ಕೇಳಿದವಳ ಕೈಯಲ್ಲಿ ಮೂರು ತಿಂಗಳ ಲಾಗ್ ಇತ್ತು, ಬಂದ ಉತ್ತರದಲ್ಲಿ ಕಾಳು ಯಾವುದು ಜೊಳ್ಳು ಯಾವುದು ಅಂತ ಆರಿಸುವ ಓದು ಇತ್ತು. ಅಂಥವಳನ್ನೇ ತೆಗೆದುಹಾಕಿ ಎಐ ಒಂದನ್ನೇ ಇಟ್ಟುಕೊಂಡರೆ, ಸಮಿತಿಯ ಮಹಾಶಯರೇ, ನಿಮ್ಮ ಬಳಿ ಉಳಿಯುವುದು ಆ ಮೊದಲ ಸಂಜೆ ಮಾತ್ರ.

ಸಮಿತಿಯ ವಾದ ನಮಗೂ ಗೊತ್ತು. ಹೊಸ ವ್ಯವಸ್ಥೆ ಬಂದರೆ ಯಂತ್ರವೇ ಅಂಕಿ ಕಳಿಸುತ್ತದೆ, ಕಂಪ್ಯೂಟರೇ ಲಾಗ್ ಬರೆಯುತ್ತದೆ, ಇನ್ನು ಪುಸ್ತಕವೇಕೆ, ಪೆನ್ನೇಕೆ ಅನ್ನುತ್ತಾರೆ. ಅಂಕಿಯ ಮಟ್ಟಿಗೆ ಒಪ್ಪಿದೆವು. ಗಂಟೆಗೊಂದಲ್ಲ, ನಿಮಿಷಕ್ಕೊಂದು ಬರೆಯಲಿ, ಒಳ್ಳೆಯದೇ. ಆದರೆ ನಾವು ಆ ಪುಸ್ತಕದ ಷರಾ ಕಾಲಂ ಓದಿದ್ದೇವೆ. "ಕೋತಿ ಕೇಬಲ್ ಎಳೆದಾಡಿತು, ಕ್ಲಾಂಪು ಬಿಗಿಮಾಡಿದೆ." "ಗುಡಿಯ ಜಾತ್ರೆಗೆ ನಮ್ಮ ಮೀಟರಿನಿಂದ ಲೈನ್ ಎಳೆದಿದ್ದಾರೆ, ವೋಲ್ಟೇಜು ಬಿದ್ದಿದೆ, ಧರ್ಮದರ್ಶಿಗಳಿಗೆ ತಿಳಿಸಿದೆ." "ಫ್ಯಾನಿನ ಸದ್ದು ನಿನ್ನೆಯ ಹಾಗಿಲ್ಲ." "ಅರ್ತಿಂಗ್ ಗುಂಡಿ ಒಣಗಿದೆ, ನಾಲ್ಕು ಕೊಡ ನೀರು ಹಾಕಿಸಿದೆ." ಯಾವ ಕಂಪ್ಯೂಟರು ಸ್ವಾಮಿ, ಫ್ಯಾನಿನ ಸದ್ದು ನಿನ್ನೆಯ ಹಾಗಿಲ್ಲ ಅಂತ ತಾನಾಗಿ ಬರೆಯುವುದು? ಆ ಸದ್ದು ಕೇಳಿದ ಐದನೇ ದಿನಕ್ಕೆ ಫ್ಯಾನು ನಿಂತದ್ದೂ ಅದೇ ಪುಸ್ತಕದಲ್ಲಿದೆ. ಬರೆಯದೆ ಬಿಟ್ಟದ್ದನ್ನು ಎಐ ಓದಲಾರದು. ಓದಲು ಏನೂ ಇಲ್ಲದಿದ್ದರೆ ಅದು ಸುಮ್ಮನಿರುವುದೂ ಇಲ್ಲ, ಕಟ್ಟಿ ಹೇಳುತ್ತದೆ.

ಲಾಗ್ ಬರೆಯುವ ಸಂಪ್ರದಾಯ ಈ ನಾಡಿಗೆ ಹೊಸದಲ್ಲ. ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಆರಂಭಿಸಿದ ನಾಡು ಇದು. ಆಕಾಶವಾಣಿ ಎಂಬ ಹೆಸರು ಆ ಕೇಂದ್ರದಿಂದಲೇ ದೇಶಕ್ಕೆ ಹೋಯಿತು. 1950ರಲ್ಲಿ ಧಾರವಾಡ, 1965ರಲ್ಲಿ ಭದ್ರಾವತಿ, 1976ರಲ್ಲಿ ಮಂಗಳೂರು, ಹೀಗೆ ಕೇಂದ್ರಗಳು ಬಂದವು. ಆಕಾಶವಾಣಿಯ ಟ್ರಾನ್ಸ್‌ಮಿಟರ್ ಮನೆಗಳಲ್ಲಿ ಪಾಳಿಯ ಮೇಲೆ ಕುಳಿತು ಮೀಟರು ನೋಡಿ ಬರೆದವರು ಊರಿಗೊಬ್ಬರಾದರೂ ಸಿಕ್ಕಾರು. ದೊಡ್ಡ ವಾಲ್ವು ಯಂತ್ರಗಳಲ್ಲಿ ಸಾವಿರಾರು ವೋಲ್ಟು. ಸ್ವಿಚ್ಚು ಆರಿಸಿದರೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ, ಕೋಲು ಮುಟ್ಟಿಸಿ ಭೂಮಿಗೆ ಇಳಿಸದೆ ಕೈ ಹಾಕುವ ಹಾಗಿಲ್ಲ. ನಮ್ಮ ಹಿರಿಯರು ಕತೆ ಹೇಳುವಾಗ ಇಂದಿಗೂ ಬಲಗೈ ಮಾತ್ರ ಮುಂದೆ ಚಾಚುತ್ತಾರೆ, ಎಡಗೈ ಜೇಬಿನೊಳಗೆ. ಎರಡೂ ಕೈ ತಾಗಿದರೆ ಕರೆಂಟು ಎದೆಯ ಮೂಲಕ ಹಾಯುತ್ತದೆ ಅನ್ನುವ ಪಾಠ ಅವರ ಮೈಯಲ್ಲೇ ಇದೆ.

ಇನ್ನೊಂದು ಹಳೆಯ ಮಾತು. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿ.ವಿ. ತೋರಿಸಿದ ಸೈಟ್ ಪ್ರಯೋಗ ನಡೆಯಿತು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಯ ಹಳ್ಳಿಗಳೂ ಅದರಲ್ಲಿದ್ದವು. ಉಪಗ್ರಹ ಇದ್ದದ್ದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಹಳ್ಳಿಯ ಶಾಲೆಯಲ್ಲಿಟ್ಟ ಪೆಟ್ಟಿಗೆ ಕೆಟ್ಟರೆ ರಿಪೇರಿಗೆ ಬರಬೇಕಾದವನು ಮಾತ್ರ ನೆಲದ ಮೇಲೆ, ಧೂಳಿನ ರಸ್ತೆಯಲ್ಲೇ ಬರಬೇಕಿತ್ತು.

ಅಷ್ಟು ದೂರ ಹೋಗುವುದೇ ಬೇಡ. 2024ರ ಮೇ ತಿಂಗಳಲ್ಲಿ ದೂರದರ್ಶನದ ಕಿಸಾನ್ ಚಾನೆಲ್ಲಿನಲ್ಲಿ ಕೃಷ್, ಭೂಮಿ ಎಂಬ ಎರಡು ಎಐ ವಾಚಕರು ಬಂದಾಗ ಊರೆಲ್ಲ ಅದರದೇ ಸುದ್ದಿ. ಮುಖ ಹೇಗಿದೆ, ತುಟಿ ಹೇಗೆ ಆಡುತ್ತದೆ ಅಂತ ಚರ್ಚೆಯೋ ಚರ್ಚೆ. ಆ ಮುಖವನ್ನು ಮನೆಮನೆಗೆ ಮುಟ್ಟಿಸುವ ಯಂತ್ರದ ಕೋಣೆಯಲ್ಲಿ ಯಾರಿದ್ದಾರೆ ಅಂತ ಯಾರೂ ಕೇಳಲಿಲ್ಲ.

ಎಐಗೆ ಕೊಡಬಹುದಾದ ಕೆಲಸ ನಮ್ಮ ಕೇಂದ್ರದಲ್ಲಿ ಬೇಕಾದಷ್ಟಿದೆ. ಟ್ರಾನ್ಸ್‌ಮಿಟರಿನ ಕೈಪಿಡಿ ಪೂರ್ತಿ ಇಂಗ್ಲಿಷಿನಲ್ಲಿದೆ. ಐಟಿಐ ಓದಿದ ಹುಡುಗನೊಬ್ಬ ಸಹಾಯಕನಾಗಿ ಬಂದರೆ ಆ ಪುಟಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಲಿ, ಮೂಲ ಪುಟ ಪಕ್ಕದಲ್ಲಿ ತೆರೆದಿಟ್ಟುಕೊಂಡು. ಪ್ರಸಾರವಾದ ಕಾರ್ಯಕ್ರಮಗಳನ್ನು ಮೂರು ತಿಂಗಳು ಕಾದಿಡಬೇಕೆಂಬ ನಿಯಮವಿದೆ. ಯಾವ ದಿನ ಯಾರು ಏನು ಹೇಳಿದರು ಎಂದು ಹುಡುಕಲು, ಮಾತನ್ನು ಬರಹಕ್ಕಿಳಿಸುವ ತಂತ್ರಾಂಶ ಒಳ್ಳೆಯ ಆಳು. 2022ರಲ್ಲಿ ಬಂದ ವಿಸ್ಪರ್ ಎಂಬುದನ್ನು ಇಂಟರ್‌ನೆಟ್ ಇಲ್ಲದೆ ನಮ್ಮದೇ ಕಂಪ್ಯೂಟರಿನಲ್ಲೂ ನಡೆಸಬಹುದು. ಪಟ್ಟಣದ ಕನ್ನಡವನ್ನು ತಕ್ಕಮಟ್ಟಿಗೆ ಹಿಡಿಯುತ್ತದೆ, ನಮ್ಮ ಹಳ್ಳಿಯ ಅಜ್ಜಿ ಬಾಯಿ ತೆರೆದರೆ ತಡವರಿಸುತ್ತದೆ, ತಿದ್ದುವವರು ಬೇಕು. ಹಳೆಯ ಕ್ಯಾಸೆಟ್ಟುಗಳ ಸದ್ದು ಸೋಸುವುದಕ್ಕೂ ಎಐ ಬಂದಿದೆ. ಅಲ್ಲಿಯೂ ಒಂದು ತಮಾಷೆ ನಡೆಯಿತು. ತತ್ವಪದದ ಒಂದು ಕ್ಯಾಸೆಟ್ಟು ಕೊಟ್ಟರೆ ಅದು ಗೊರಗೊರ ಸದ್ದಿನ ಜೊತೆ ತಂಬೂರಿಯ ಶ್ರುತಿಯನ್ನೂ ಕಸವೆಂದು ಗುಡಿಸಿ ಹಾಕಿತು. ಒಂದೇ ಸಮನೆ ಮಿಡಿಯುವುದೆಲ್ಲ ಅದರ ಕಿವಿಗೆ ಫ್ಯಾನಿನ ಸದ್ದೇ. ಮೂಲ ಕ್ಯಾಸೆಟ್ಟು ಎಸೆಯದೆ ಇಟ್ಟದ್ದು ಪುಣ್ಯ.

ಎಲ್ಲಕ್ಕಿಂತ ತುರ್ತಾಗಿ ಆಗಬೇಕಾದದ್ದು ಆ ಹಿರಿಯ ಇಂಜಿನಿಯರರ ಮುಂದೆ ಒಂದು ಮೈಕು ಇಡುವ ಕೆಲಸ. ನೀರು ಕುಡಿದಿದೆ ಎಂದು ಫೋನಿನಲ್ಲೇ ಹೇಳಬಲ್ಲ ಆ ವಿದ್ಯೆ ಯಾವ ಕೈಪಿಡಿಯಲ್ಲೂ ಇಲ್ಲ. ವಾರಕ್ಕೆ ಒಂದು ಗಂಟೆ ಮಾತಾಡಿಸಿ, ಬರಹಕ್ಕಿಳಿಸಿ, ತಿದ್ದಿಸಿ ಇಟ್ಟರೆ ನಾಳೆ ಎಐಯನ್ನು ಕೇಳುವವನಿಗೆ ಕೇಳುವುದಕ್ಕೆ ಒಂದು ಆಧಾರವಾದರೂ ಇರುತ್ತದೆ. ಅವರಿಗೆ ವಯಸ್ಸಾಗಿದೆ. ಸಮಿತಿ ಮೀನ ಮೇಷ ಎಣಿಸುವ ಬಾಬಲ್ಲ ಇದು.

ಬೇಡವಾದದ್ದನ್ನೂ ಹೇಳಿಬಿಡುತ್ತೇವೆ. ಎಐ ಅಂಕಿ ಓದಲಿ, ಗುಬಟು ತಿರುಗಿಸುವುದು ಬೇಡ. ಸೆಟ್ಟಿಂಗಿನ ಬೀಗ ತಂತ್ರಜ್ಞೆಯ ಕೈಯಲ್ಲೇ ಇರಲಿ, ಯಂತ್ರದ ಮೇಲಿನ ಆ ಪಾಸ್‌ವರ್ಡ್ ಚೀಟಿಯನ್ನು ಇಂದೇ ಕಿತ್ತು ಹಾಕಿ ಹೊಸದು ಇಡಲಿ. ರೇಡಿಯೊ ಮೌನವಾದರೆ ತಕ್ಷಣ ಫೋನಿಗೆ ಸಂದೇಶ ಕಳಿಸುವ ಸಣ್ಣ ಪೆಟ್ಟಿಗೆ ಸಿಗುತ್ತದೆ, ಅದಕ್ಕೆ ಎಐಯೂ ಬೇಡ, ಗೀಐಯೂ ಬೇಡ. ನಾಲ್ಕು ವರ್ಷದಿಂದ ಆಕೆ ಅದನ್ನು ಕೇಳುತ್ತಿದ್ದಾಳೆ. ಪ್ರತಿ ಸಲವೂ "ಮುಂದಿನ ಸಭೆಗೆ" ಎಂಬ ಷರಾ.

ಸಮಿತಿಯ ಅಧ್ಯಕ್ಷರಿಗೆ ಖಾಸಗಿಯಾಗಿ ಹೇಳಬೇಕಾದ ಮಾತೊಂದಿದೆ, ಇಲ್ಲಿಯೇ ಹೇಳುತ್ತೇವೆ. 2002ರಲ್ಲಿ ವಿದ್ಯಾಸಂಸ್ಥೆಗಳಿಗೂ 2006ರಲ್ಲಿ ಸಂಘಸಂಸ್ಥೆಗಳಿಗೂ ಸಮುದಾಯ ರೇಡಿಯೊ ನಡೆಸಲು ಕೇಂದ್ರ ಸರಕಾರ ಅವಕಾಶ ಕೊಟ್ಟಾಗ ಕೆಲವು ಕಟ್ಟುಪಾಡು ಹಾಕಿತು. ಹೊರಡುವ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ಮೀರಬಾರದು, ಏರಿಯಲ್ಲಿನ ಎತ್ತರ ನೆಲದಿಂದ 30 ಮೀಟರ್ ದಾಟಬಾರದು ಎನ್ನುವುದು ಅವುಗಳಲ್ಲಿ ಸೇರಿದೆ. ಇವನ್ನು ಪಾಲಿಸುವ ಹೊಣೆ ಪರವಾನಗಿ ಪಡೆದವರ ಮೇಲಿದೆ. ನಾಳೆ ಯಾರೋ ಮೊಬೈಲಿನಲ್ಲಿ ಕೇಳಿ ಶಕ್ತಿ ಏರಿಸಿದರೆ, ಕಂಪನ ತಪ್ಪಿಸಿ ಪಕ್ಕದವರ ಪ್ರಸಾರಕ್ಕೆ ಅಡ್ಡ ಬಂದರೆ, ದೆಹಲಿಯಿಂದ ಬರುವ ಕಾಗದದಲ್ಲಿ ಎಐಯ ಹೆಸರಿರುವುದಿಲ್ಲ. ತಮ್ಮ ಹೆಸರಿರುತ್ತದೆ. ಎಐ ಹೇಳಿತು ಎಂದು ಉತ್ತರ ಬರೆಯುವಿರಾ?

ಹೊಸ ವ್ಯವಸ್ಥೆಗೆ ಎತ್ತಿಟ್ಟಿರುವ ದುಡ್ಡಿನಲ್ಲಿ ಸ್ವಲ್ಪ ಕಡಿಮೆ ದರ್ಜೆಯದು ಕೊಂಡು, ಉಳಿದದ್ದರಲ್ಲಿ ಆಕೆಗೊಬ್ಬ ಸಹಾಯಕನನ್ನು ಕೊಡಿ. ಆಗ ರಜೆಯ ದಿನದ ಪುಟಗಳೂ ತುಂಬುತ್ತವೆ. ನೋಟೀಸನ್ನು ವಾಪಸು ತೆಗೆದುಕೊಳ್ಳಿ. 5ನೇ ಬಾಬಿನ ಎರಡನೇ ಅರ್ಧವನ್ನು ಹೊಡೆದು ಹಾಕಿ.

ಮತ್ತು ಗುರುವಾರದ ಸಭೆಗೆ ಲಾಗ್ ಪುಸ್ತಕವನ್ನು ತರಿಸಿ ಮೇಜಿನ ಮೇಲಿಡಿ. 2025ರ ಜುಲೈ 11ರ ಪುಟ ತೆಗೆದು ಎಲ್ಲರಿಗೂ ಕೇಳುವಂತೆ ಓದಿಸಿ. ಆ ಪುಟದಲ್ಲಿ ಅಂಕಿಗಳಿಲ್ಲ, ಸಂಜೆಯ ಸಾಲುಗಳೆಲ್ಲ ಖಾಲಿ. ಮರುದಿನ ಬೆಳಿಗ್ಗೆ ಬಸ್ಸಿಲ್ಲದೆ ನಡೆದೇ ಗುಡ್ಡ ಹತ್ತಿ ಬಂದ ತಂತ್ರಜ್ಞೆ ಷರಾ ಕಾಲಂನಲ್ಲಿ ಒಂದೇ ಸಾಲು ಬರೆದಿದ್ದಾಳೆ: "ನಿನ್ನೆ ಸಂಜೆ ಮಿತಿ ಬದಲಾಯಿಸಲಾಗಿದೆ. ಬದಲಾಯಿಸಿದವರ ಸಹಿ ಇಲ್ಲ."